ನಮ್ಮ ರೆಡ್ ಏಲ್‌ಗೆ ಎರಡನೇ ಬಹುಮಾನ: ಕೈ ಜೋಡಿಸಿದವರಿಗೆಲ್ಲ ಥ್ಯಾಂಕ್ಸ್

ಗೆಳೆಯರೇ,

ಮನೆಯಲ್ಲೇ ಮಾಡಿದ ಐರಿಶ್ ರೆಡ್ ಏಲ್‌ಗಳ (ಐರ್ಲೆಂಡ್ ಶೈಲಿಯ ಕೆಂಪು ಬಿಯರ್) ಸ್ಪರ್ಧೆಯಲ್ಲಿ ನಮ್ಮ ಬಿಯರಿಗೆ ಎರಡನೇ ಬಹುಮಾನ ಬಂದಿದೆ. 50ಕ್ಕೆ 39 ಅಂಕ. ಸುದ್ದಿ ಗೊತ್ತಾದಾಗಿನಿಂದ ಮೆಸೇಜು, ಫೋನು ನಿಂತಿಲ್ಲ. ಒಬ್ಬೊಬ್ಬರಿಗೂ ಉತ್ತರ ಬರೆಯೋಣ ಅಂತ ಕೂತೆ, ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಆ ಬಾಟಲಿಗಳಲ್ಲಿ ಇದ್ದದ್ದು ನಾನೊಬ್ಬ ಮಾಡಿದ ಬಿಯರ್ ಅಲ್ಲ.

ಈ ಚಳಿಗಾಲ ನನಗೆ ಹೇಗೆ ಕಳೆಯಿತು ಅಂತ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಭಾರ ಎತ್ತಲೇಬಾರದು ಅಂದಿದ್ದರು. ಬಿಯರ್ ಮಾಡುವ ಕೆಲಸದಲ್ಲಿ ಅರ್ಧ ಭಾರ ಎತ್ತುವುದೇ. ಕುದಿಯುವ ನೀರಿನ ಪಾತ್ರೆ, ನೆಂದು ಭಾರವಾದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 20 ಲೀಟರ್ ತುಂಬಿದ ಫರ್ಮೆಂಟರ್, ಅಂದರೆ ಬಿಯರ್ ಹುದುಗುವ ಪಾತ್ರೆ. ಈ ಸಲ ಸ್ಪರ್ಧೆ ಬೇಡ ಅಂತ ನಮ್ಮ ಬಿಯರ್ ಮಾಡುವವರ ಕ್ಲಬ್ಬಿಗೆ ಹೇಳಿಯೂ ಆಗಿತ್ತು. 'ನೀನು ಕುರ್ಚಿ ಮೇಲೆ ಕೂತು ಹೇಳು, ಎತ್ತೋದು ನಾವು' ಅಂದರು. ಹೇಳಿದ ಹಾಗೇ ಭಾನುವಾರ ಬೆಳಿಗ್ಗೆ ಬಂದರು.

ರೆಸಿಪಿಗೆ ಕ್ಲಬ್ಬಿನ ಹಿರಿಯರಿಗೆ ನಾನು ಋಣಿ. ಐರ್ಲೆಂಡ್ ಅಂದ ತಕ್ಷಣ ಜನಕ್ಕೆ ನೆನಪಾಗುವುದು ಸ್ಟೌಟ್ ಅನ್ನುವ ಕಪ್ಪು ಬಿಯರ್. ಕೆಂಪು ಏಲ್ ಅಷ್ಟು ಹೆಸರು ಮಾಡಲಿಲ್ಲ. ಆದರೆ ಅವರು ಅದರ ಬಗ್ಗೆ ಮಾತಾಡಲು ಶುರು ಮಾಡಿದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತದೆ. ಕಿಲ್ಕೆನಿಯಲ್ಲಿ 1710ರಲ್ಲಿ ಶುರುವಾದ ಸ್ಮಿಥಿಕ್ಸ್ ಬ್ರೂವರಿ 2013ರಲ್ಲಿ ಮುಚ್ಚಿತು, ಆ ಬಿಯರಿನ ತಯಾರಿಕೆ ಡಬ್ಲಿನ್‌ಗೆ ಹೋಯಿತು. ವೆಕ್ಸ್‌ಫರ್ಡ್ ಕೌಂಟಿಯ ಎನಿಸ್ಕಾರ್ತಿಯಲ್ಲಿದ್ದ ಲೆಟ್ ಮನೆತನದ ಬ್ರೂವರಿ 1956ರಲ್ಲೇ ನಿಂತುಹೋಗಿತ್ತು. ಆ ಮನೆತನದ ಜಾರ್ಜ್ ಕಿಲಿಯನ್ ಲೆಟ್ ಹೆಸರಿನ ರೆಡ್ ಆಮೇಲೆ ಫ್ರಾನ್ಸಿನಲ್ಲೂ ಅಮೆರಿಕದಲ್ಲೂ ತಯಾರಾಯಿತು. ಇದನ್ನೆಲ್ಲ ಹೇಳಿ ಕೊನೆಗೆ ಅವರು ಕೊಟ್ಟ ಸಲಹೆ ಒಂದೇ: ಹುರಿದ ಬಾರ್ಲಿ ಹಾಕುವಾಗ ಕೈ ಬಿಗಿ ಇರಲಿ. ನಾವು 4 ಕೆಜಿ ಮಾಲ್ಟಿಗೆ ಹಾಕಿದ್ದು 100 ಗ್ರಾಂ. ಕೆಂಪು ಬಣ್ಣ ಬರುವುದೂ ಅದರಿಂದಲೇ, ಕೊನೆಯ ಗುಟುಕು ನಾಲಿಗೆಗೆ ಒಣ ಒಣ ಅನ್ನಿಸುವುದೂ ಅದರಿಂದಲೇ. ಜಾಸ್ತಿ ಆದರೆ ಸ್ಟೌಟ್ ಕಡೆಗೆ ಹೊರಟುಬಿಡುತ್ತದೆ.

ಇನ್ನು ಅಣ್ಣನ ವಿಷಯ.

ಹಾಸನದ ಕಡೆಯವರು, ಇಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಬಸ್ ಓಡಿಸುತ್ತಾರೆ. ಬಿಯರ್ ಬಾಯಿಗೆ ಇಟ್ಟವರೇ ಅಲ್ಲ. ನನ್ನ ಸ್ಪರ್ಧೆ ಅವರಿಗೆ ಯಾವ ರೀತಿಯಲ್ಲೂ ಸಂಬಂಧಪಟ್ಟದ್ದಲ್ಲ. ಜನವರಿಯಲ್ಲಿ ಎಯೋವಿನ್ ಬಿರುಗಾಳಿ ಬರುತ್ತದೆ, ಇಡೀ ದೇಶಕ್ಕೆ ರೆಡ್ ಅಲರ್ಟ್ ಅಂತ ಗೊತ್ತಾದಾಗ ಹಿಂದಿನ ದಿನ ಸಂಜೆಯೇ ಬಾಗಿಲು ತಟ್ಟಿದರು. ಕಂಕುಳಲ್ಲಿ ಎರಡು ಚಳ್ಳಕೆರೆ ಕಂಬಳಿ, ಕೈಯಲ್ಲಿ ಅತ್ತಿಗೆ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ. 'ನಾಳೆ ಬಸ್ಸಿಲ್ಲ. ನೀನು ಒಬ್ನೇ ಇರೋದು ಬೇಡ ಕಣೋ' ಅಂದವರು ಚಪ್ಪಲಿ ಬಿಟ್ಟು ಒಳಗೆ ಬಂದೇಬಿಟ್ಟರು.

ಗಾಳಿ ಹೇಗಿತ್ತು ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಊರಲ್ಲಿರುವವರಿಗಾಗಿ ಬರೆಯುತ್ತೇನೆ. ಜನವರಿ 24ರ ಬೆಳಗಿನ ಜಾವ ನಮ್ಮ ಕರಾವಳಿಯ ಮೇಸ್ ಹೆಡ್‌ನಲ್ಲಿ ಗಾಳಿಯ ವೇಗ ಗಂಟೆಗೆ 180 ಕಿ.ಮೀ. ದಾಟಿತು. 1945ರಿಂದ ಉಳಿದಿದ್ದ ದಾಖಲೆ ಮುರಿಯಿತು. ದೇಶದಲ್ಲಿ 7 ಲಕ್ಷ 68 ಸಾವಿರ ಮನೆ, ಅಂಗಡಿ, ತೋಟಗಳಿಗೆ ಕರೆಂಟ್ ಹೋಯಿತು. ನಮ್ಮ ಮನೆಯದೂ ಹೋಯಿತು.

ಕರೆಂಟ್ ಹೋದರೆ ಫರ್ಮೆಂಟರ್ ಬೆಚ್ಚಗಿಡುವ ಪಟ್ಟಿಯೂ ಹೋಯಿತು ಅಂತಲೇ ಅರ್ಥ. ಆ ಹೊತ್ತಿಗೆ ಯೀಸ್ಟ್ ಸಕ್ಕರೆ ತಿಂದು ಮುಗಿಸುತ್ತಾ ಬಂದಿತ್ತು. ತಾನು ಬಿಟ್ಟ ಡೈಅಸಿಟೈಲ್ ಅನ್ನು (ಬೆಣ್ಣೆ ವಾಸನೆ ಕೊಡುವ ಪದಾರ್ಥ) ಯೀಸ್ಟ್ ತಾನೇ ವಾಪಸ್ ಎಳೆದುಕೊಳ್ಳುವುದು ಈ ಹಂತದಲ್ಲೇ. ಆಗ ತಣ್ಣಗಾದರೆ ಯೀಸ್ಟ್ ತಳಕ್ಕೆ ಹೋಗಿ ಕೂರುತ್ತದೆ, ಬಿಯರಿನಲ್ಲಿ ಬೆಣ್ಣೆ ವಾಸನೆ ಉಳಿದುಬಿಡುತ್ತದೆ. ಇದನ್ನು ನಾನು ಅಣ್ಣನಿಗೆ ಹಾಸಿಗೆಯಿಂದಲೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, 'ಎಷ್ಟಿರಬೇಕು ಬಿಸಿ?' ಅಂತ ಮಾತ್ರ ಕೇಳಿದರು. 18ಕ್ಕಿಂತ ಕೆಳಗೆ ಹೋಗಬಾರದು ಅಂದೆ.

ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇತ್ತು. ನೀರು ಕಾಯಿಸಿ ಮನೆಯಲ್ಲಿದ್ದ ಬಾಟಲಿಗಳಿಗೆಲ್ಲ ತುಂಬಿದರು. ಅವನ್ನು ಫರ್ಮೆಂಟರ್ ಸುತ್ತ ನಿಲ್ಲಿಸಿ ಒಂದು ಕಂಬಳಿ ಸುತ್ತಿದರು. ಇನ್ನೊಂದು ನನಗೆ ಹೊದಿಸಿದರು. ಆಮೇಲೆ ರಾತ್ರಿಯೆಲ್ಲ ಅದೇ ಕೆಲಸ. ಕಂಬಳಿಯ ಅಂಚು ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ಫರ್ಮೆಂಟರಿಗೆ ಅಂಟಿಸಿದ ಥರ್ಮಾಮೀಟರ್ ಪಟ್ಟಿಯಲ್ಲಿ ಯಾವ ಅಂಕಿ ಹಸಿರಾಗಿದೆ ಅಂತ ನೋಡುವುದು. ತಣ್ಣಗಾದ ಬಾಟಲಿ ತೆಗೆದು ಬಿಸಿಯದು ಇಡುವುದು. ಹಾಗೇ ನನ್ನ ಹತ್ತಿರ ಬಂದು ಮಾತ್ರೆ ತಗೊಂಡೆಯಾ, ನೋವು ಹೇಗಿದೆ ಅಂತ ಕೇಳುವುದು.

ಗಾಳಿ ಜೋರಾಗಿದ್ದ ಹೊತ್ತಿನಲ್ಲಿ ನನಗೆ ತಡೆಯಲಾಗಲಿಲ್ಲ. ಅಲ್ಲಿಯವರೆಗೆ ಯಾರ ಮುಂದೆಯೂ ಅತ್ತಿರಲಿಲ್ಲ. 'ಅಣ್ಣ, ನಾನು ತಿಪಟೂರಿಗೆ ಹೋಗಿ ಅಮ್ಮನ್ನ ನೋಡ್ತೀನೋ ಇಲ್ವೋ' ಅಂದೆ. ಡಾಕ್ಟರ್ ಹತ್ತಿರವೂ ಕೇಳಿರದ ಪ್ರಶ್ನೆ. ಎಲ್ಲ ಸರಿಹೋಗುತ್ತೆ ಅಂತ ಅವರು ಭಾಷಣ ಮಾಡಲಿಲ್ಲ. ಪಕ್ಕದಲ್ಲಿ ಕೂತರು. ನಾನು ಸುಮ್ಮನಾಗುವ ತನಕ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ. ಆಮೇಲೆ, 'ನೋಡ್ತೀಯ ಕಣೋ. ಈಗ ಏಳು, ನೀರು ಕಾದಿದೆ, ಬಾಟಲಿ ಹಿಡ್ಕೋ ಬಾ' ಅಂದರು. ಎದ್ದು ಹೋಗಿ ಹಿಡಿದೆ. ಬೆಳಕು ಹರಿಯುವ ತನಕ ಅವರು ಸುರಿದರು, ನಾನು ಹಿಡಿದೆ. ಆ ರಾತ್ರಿ ನನ್ನಿಂದಲೂ ಒಂದು ಕೆಲಸ ಆಗುತ್ತದೆ ಅನ್ನಿಸಿದ್ದು ಎಷ್ಟು ದೊಡ್ಡದು ಅಂತ ಅಣ್ಣನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಅಣ್ಣ, ಈಗ ಹೇಳುತ್ತಿದ್ದೇನೆ.

ಗಾಳಿ ಇಳಿದ ಮೇಲೆ ಅವರ ಮನೆಗೆ ಕರೆಂಟ್ ಬಂತು, ನಮ್ಮ ಕಡೆ ಬರಲಿಲ್ಲ. ಕಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು, ಫರ್ಮೆಂಟರನ್ನೂ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿಕೊಂಡರು. ಅತ್ತಿಗೆ ತಮ್ಮ ಸ್ಟೋರ್ ರೂಮಿನಲ್ಲಿ ಅದಕ್ಕೆ ಜಾಗ ಮಾಡಿದರು, ನನಗೆ ಬಿಸಿ ಅನ್ನ, ಹುರುಳಿ ಸಾರು ಬಡಿಸಿದರು. ಬಿಯರ್ ಅಲ್ಲೇ ಮುಗಿಯಿತು.

ಫೆಬ್ರವರಿಯಲ್ಲಿ ಬಾಟಲಿಗೆ ತುಂಬಿಸಿದವರು, ಸ್ಪರ್ಧೆಗೆ ಡಬ್ಬ ಒಯ್ದು ಕೊಟ್ಟವರು, ಚೆಕಪ್‌ಗೆ ಕಾರಿನಲ್ಲಿ ಕರೆದೊಯ್ದವರು, ತುಮಕೂರಿನಿಂದ ದಿನಾ ಫೋನ್ ಮಾಡಿದ ಅಕ್ಕ, ನನ್ನ ಶಿಫ್ಟ್ ಹಂಚಿಕೊಂಡ ಆಫೀಸಿನವರು, ಎಲ್ಲರಿಗೂ ನನ್ನ ನಮಸ್ಕಾರ.

ಜಡ್ಜ್‌ಗಳ ಮುಂದೆ ಲೇಬಲ್ ಇಲ್ಲದ ಬಾಟಲಿ ಇಡುತ್ತಾರೆ. ಯಾರ ಬಿಯರ್ ಅಂತ ಅವರಿಗೆ ಗೊತ್ತಿರುವುದಿಲ್ಲ. ವಾಸನೆಗೆ ಹೆಚ್ಚೆಂದರೆ 12 ಅಂಕ, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗನ್ನಿಸುತ್ತದೆ ಅನ್ನುವುದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ನಮ್ಮ ಶೀಟಿನಲ್ಲಿ ವಾಸನೆಯ ಕಾಲಮ್ಮಿನಲ್ಲಿ ಬರೆದಿದ್ದರು: ಮಾಲ್ಟ್ ಚೆನ್ನಾಗಿದೆ, ಕ್ಲೀನ್ ಆಗಿದೆ, ಬೆಣ್ಣೆ ವಾಸನೆ ಸ್ವಲ್ಪವೂ ಇಲ್ಲ. ಆ ಸಾಲಿನ ಫೋಟೋ ತೆಗೆದು ಮೊದಲು ಕಳಿಸಿದ್ದು ಅಣ್ಣನಿಗೆ. ಆ ಅಂಕಗಳು ಅವರವು.

ಆ ಸಂಜೆ ಅಣ್ಣ ಮನೆಗೆ ಬಂದಾಗ ಗ್ಲಾಸಿಗೆ ಸುರಿದು ಅವರ ಮುಂದೆ ಇಟ್ಟೆ. ಕುಡಿಯಲಿಲ್ಲ, ಕುಡಿಯುವುದೂ ಬೇಡ. ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ಉಸಿರೆಳೆದುಕೊಂಡು, 'ರಾಗಿ ಹುರಿಯೋವಾಗ ಬರೋ ವಾಸನೆ ಅಲ್ವೇನೋ ಇದು' ಅಂದರು. ಹುರಿದ ಬಾರ್ಲಿ ಅಂದೆ. ಅವರಿಗೆ ತುಂಬಾ ಖುಷಿಯಾಯಿತು.

ಉಳಿದ ಬಾಟಲಿಗಳು ಕ್ಲಬ್ಬಿನ ಫ್ರಿಜ್ಜಿನಲ್ಲಿವೆ, ಕೆಲಸಕ್ಕೆ ಬಂದವರೆಲ್ಲರ ಹೆಸರೂ ಬರೆದಿಟ್ಟಿದ್ದೇನೆ. ಸುರಿಯುವಾಗ ತಳದ ಯೀಸ್ಟ್ ಕದಡದ ಹಾಗೆ ನೋಡಿಕೊಳ್ಳಿ. ಖಾಲಿ ಬಾಟಲಿ ಬಿಸಾಡಬೇಡಿ, ತೊಳೆದು ವಾಪಸ್ ಕೊಡಿ. ಮುಂದಿನ ಬ್ಯಾಚಿನ ಮಾಲ್ಟ್ ತಂದಾಗಿದೆ, ಈ ಸಲ ಪಾತ್ರೆಯ ಒಂದು ಕಡೆ ನಾನೂ ಹಿಡಿಯಬಹುದು ಅಂತ ಡಾಕ್ಟರ್ ಒಪ್ಪಿದ್ದಾರೆ.