ಮಿದುಳಿನ ‘ಓಪನ್ ಡೇ’ ಶ್ರೀನಿವಾಸಪುರಕ್ಕೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್ ತಿಂಗಳ ಒಂದು ಶನಿವಾರ, ತನ್ನ ಪ್ರಯೋಗಾಲಯಗಳ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುವ ‘ಓಪನ್ ಡೇ’ ನಡೆಸುತ್ತದೆ. ಅಂದು ಅಲ್ಲಿ ಸೇರುವ ಜನಸಂದಣಿಯನ್ನು ಕಂಡವರು, ನಮ್ಮ ಜನರಿಗೆ ವಿಜ್ಞಾನ ಬೇಕಿಲ್ಲ ಎಂಬ ಮಾತನ್ನು ಒಪ್ಪಲಾರರು. ಮಿದುಳಿನ ವಿಷಯವಾದರಂತೂ ಕುತೂಹಲ ಇನ್ನೂ ಹೆಚ್ಚು. ಎಲೆಕ್ಟ್ರೋಡ್‌ಗಳಿರುವ ಟೋಪಿ ತೊಟ್ಟು ಕುಳಿತವರು ಕಣ್ಣು ಮುಚ್ಚಿದಾಗ, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಯಂತ್ರದ ಪರದೆಯ ಮೇಲಿನ ಸಣ್ಣ ಗೆರೆಗಳು ನಿಧಾನವಾದ, ಎತ್ತರದ ಅಲೆಗಳಾಗುತ್ತವೆ. ಕಣ್ಣು ತೆರೆದೊಡನೆ ಆ ಅಲೆಗಳು ಕುಗ್ಗುತ್ತವೆ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ ಸುಮಾರು ನೂರು ವರ್ಷಗಳ ಹಿಂದೆ ಗುರುತಿಸಿದ ಈ ಲಯವನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿಗೆ ಪಠ್ಯಪುಸ್ತಕದ ಪಾಠ ಬೇರೆಯೇ ಆಗಿ ಕಾಣುತ್ತದೆ.

ಆದರೆ ಮಿದುಳನ್ನು ಜನರಿಗೆ ಪರಿಚಯಿಸುವುದೆಂದರೆ ಬೆರಗು ಹುಟ್ಟಿಸುವುದಷ್ಟೇ ಅಲ್ಲ. ಈ ದೃಷ್ಟಿಯಿಂದ ನಿಮ್ಹಾನ್ಸ್‌ನ ಮಿದುಳು ವಸ್ತುಸಂಗ್ರಹಾಲಯ ಒಳ್ಳೆಯ ಮಾದರಿ. ದೇಹದ ತೂಕದಲ್ಲಿ ಶೇ 2ರಷ್ಟೇ ಇದ್ದರೂ ದೇಹ ಬಳಸುವ ಶಕ್ತಿಯಲ್ಲಿ ಶೇ 20ರಷ್ಟನ್ನು ಕಬಳಿಸುವ ಈ ಅಂಗವನ್ನು ಅಲ್ಲಿ ಕೈಗವಸು ತೊಟ್ಟು ಹಿಡಿದು ನೋಡಬಹುದು. ಪಾರ್ಶ್ವವಾಯುವಿನಿಂದ, ಪೆಟ್ಟಿನಿಂದ, ಸೋಂಕಿನಿಂದ ಕೆಟ್ಟ ಮಿದುಳುಗಳನ್ನೂ ಅಲ್ಲಿ ಕಾಪಿಟ್ಟಿದ್ದಾರೆ. ಅವುಗಳಲ್ಲಿ ಲಾಡಿಹುಳುವಿನ ಮರಿಗಳು ಸೇರಿಕೊಂಡು ಗುಳ್ಳೆಗಟ್ಟಿದ ಮಿದುಳನ್ನು ನೋಡಿದವರು ಅದನ್ನು ಸುಲಭವಾಗಿ ಮರೆಯುವುದಿಲ್ಲ. ಹಂದಿಮಾಂಸ ತಿನ್ನುವವರಿಗೆ ಮಾತ್ರ ಈ ಕಾಯಿಲೆ ಎಂದು ನಂಬಿರುವವರು ಬಹಳ. ವಾಸ್ತವದಲ್ಲಿ ಹುಳುವಿರುವ ಮನುಷ್ಯನ ಮಲದ ಮೂಲಕ ಅದರ ಮೊಟ್ಟೆಗಳು ಮಣ್ಣು ಮತ್ತು ನೀರಿಗೆ, ಅಲ್ಲಿಂದ ಸೊಪ್ಪು ತರಕಾರಿಗೆ ಸೇರುತ್ತವೆ. ಸರಿಯಾಗಿ ತೊಳೆಯದೆ ತಿಂದರೆ ಅಪ್ಪಟ ಸಸ್ಯಾಹಾರಿಗೂ ಮೂರ್ಛೆ ರೋಗ ತರಬಲ್ಲವು. ಕೊತ್ತಂಬರಿ ಕಟ್ಟನ್ನು ಬಿಡಿಸಿ ತೊಳೆಯುವ ಕೆಲಸಕ್ಕೂ ಮಿದುಳಿಗೂ ಸಂಬಂಧವಿದೆ ಎಂದು ಇದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ನನಗೆ ಕಾಣುವುದಿಲ್ಲ.

ಮೂರ್ಛೆ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಓದಿದವರ ಮನೆಗಳಲ್ಲೂ ಇನ್ನೂ ನಿಂತಿಲ್ಲ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಐದು ನಿಮಿಷ ದಾಟಿದರೂ ಸೆಳೆತ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಓಪನ್ ಡೇಯ ಒಂದು ಮೇಜು ಇದಕ್ಕೆ ಮೀಸಲಾದರೆ ಸಾಕು.

ಈ ಪತ್ರ ಬರೆಯಲು ಮುಖ್ಯ ಕಾರಣ ಬೇರೆಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಮುಪ್ಪಿನಲ್ಲಿ ಮರೆವಿನ ಕಾಯಿಲೆ ಏಕೆ ಬರುತ್ತದೆ, ಯಾರಿಗೆ ಬರುತ್ತದೆ ಎಂದು ತಿಳಿಯಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ ಸುಮಾರು 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿಯೊಂದಿಗೆ ಅಧ್ಯಯನ ಕೈಗೊಂಡಿದೆ. ಮಾವಿನ ತೋಟಗಳಲ್ಲಿ ದುಡಿಯುವ ಈ ಜನ ರಕ್ತ ಕೊಟ್ಟಿದ್ದಾರೆ, ನೆನಪಿನ ಪರೀಕ್ಷೆಗಳಿಗೆ ಕುಳಿತಿದ್ದಾರೆ, ಮಿದುಳಿನ ಎಂಆರ್‌ಐಗೆ ಒಳಗಾಗಿದ್ದಾರೆ. ಹಳ್ಳಿಗರ ಮಿದುಳಿನ ಬಗ್ಗೆ ಇಷ್ಟು ವಿವರವಾದ ಅಧ್ಯಯನ ನಮ್ಮ ದೇಶದಲ್ಲಿ ಅಪರೂಪ. ಬೆಂಗಳೂರಿನಲ್ಲಿ ಒಂದು ಶನಿವಾರ ತೆರೆಯುವ ಬಾಗಿಲು ಶ್ರೀನಿವಾಸಪುರದಲ್ಲೂ ವರ್ಷಕ್ಕೊಮ್ಮೆ ತೆರೆಯಬೇಕೆಂಬುದು ನನ್ನ ಕೋರಿಕೆ. ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ಉಪಕಾರವಲ್ಲ, ಬಾಧ್ಯತೆ.

ಅಲ್ಲಿ ಭಾಷಣಗಳಿಗಿಂತ ವಸ್ತುಗಳೇ ಮಾತನಾಡಲಿ. ಎಂಆರ್‌ಐ ಚಿತ್ರವನ್ನು ಓದುವುದು ಹೇಗೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಮಿದುಳಿನ ಸಣ್ಣ ರಕ್ತನಾಳಗಳನ್ನು ಹೇಗೆ ಕೆಡಿಸುತ್ತವೆ, ಪಾರ್ಶ್ವವಾಯು ಬಡಿದು ಬಾಯಿ ಸೊಟ್ಟಗಾಗಿ ತೋಳು ಸೋತವರನ್ನು ನಾಲ್ಕೂವರೆ ಗಂಟೆಯೊಳಗೆ ಸೂಕ್ತ ಆಸ್ಪತ್ರೆಗೆ ಏಕೆ ಮುಟ್ಟಿಸಬೇಕು ಎಂಬುದನ್ನು ಸಂಶೋಧಕರೇ ನಿಂತು ವಿವರಿಸಲಿ. ಮನೆಮಾತು ತೆಲುಗಾಗಿರುವ ಕುಟುಂಬಗಳು ಈ ಗಡಿ ತಾಲ್ಲೂಕಿನಲ್ಲಿ ಬಹಳಷ್ಟಿರುವುದರಿಂದ ಕನ್ನಡದ ಜೊತೆಗೆ ತೆಲುಗಿನಲ್ಲೂ ವಿವರಣೆ ಇರಬೇಕು. ನಿಮ್ಹಾನ್ಸ್ ಕೈಜೋಡಿಸಿ ಕೆಲವು ಮಾದರಿಗಳನ್ನು ಕಳುಹಿಸಿಕೊಟ್ಟರೆ ಇನ್ನೂ ಒಳ್ಳೆಯದು. ಮೇ ತಿಂಗಳು ಬಂತೆಂದರೆ ಮಾವಿನ ಮಂಡಿ ಬಿಟ್ಟು ಯಾರೂ ಕದಲುವುದಿಲ್ಲ. ಆದ್ದರಿಂದ ಫಸಲು ಕೈಗೆ ಬರುವ ಮೊದಲೇ, ಮಾರ್ಚ್‌ನಲ್ಲಿ ದಿನ ಗೊತ್ತುಮಾಡುವುದು ಸೂಕ್ತ.

– ನಿವೃತ್ತ ವಿಜ್ಞಾನ ಶಿಕ್ಷಕ, ಚಿಂತಾಮಣಿ