ಮಗಳಿಗೊಂದು ಪತ್ರ: ಘಟ್ಟದ ಮೋಡ

ಬೆಳಗಾವಿ

ಪ್ರೀತಿಯ ಮಗಳಿಗೆ,

ಮಳೆಗಾಲದಲ್ಲಿ ಹೆಲಿಕಾಪ್ಟರು ಹಾರಿಸಿಕೊಂಡು ಗೋವಾದಿಂದ ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬರುವಾಗ ಎರಡೂ ಕಡೆಯ ಹವಾಮಾನ ವರದಿ ನೆಟ್ಟಗಿದೆ ಅಂತ ಹೊರಟುಬಿಡಬೇಡ. ಗೋವಾದ ದಾಬೋಲಿಂ ವಿಮಾನ ನಿಲ್ದಾಣದ ವರದಿಯಲ್ಲಿ ಮೋಡ 2,000 ಅಡಿ ಅಂತಿದ್ದರೆ ಅದು ಆ ನಿಲ್ದಾಣದ ನೆಲದಿಂದ ಲೆಕ್ಕ ಹಾಕಿದ್ದು. ನಮ್ಮ ಬೆಳಗಾವಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ. ಅಲ್ಲಿ ತಲೆ ಮೇಲಿದ್ದ ಮೋಡ ಚೋರ್ಲಾ ಘಟ್ಟಕ್ಕೆ ಬರುವಷ್ಟರಲ್ಲಿ ಮರಗಳ ನಡುವೆ ಹರಿದಾಡುವ ಮಂಜಾಗಿರುತ್ತದೆ. ಎರಡೂ ವರದಿಯಲ್ಲಿ ನಡುವಿನ ಘಟ್ಟ ಇರುವುದೇ ಇಲ್ಲ.

ಹೆಲಿಕಾಪ್ಟರು ನಿಧಾನಕ್ಕೂ ಹೋಗುತ್ತದೆ, ಕೆಳಕ್ಕೂ ಇಳಿಯುತ್ತದೆ. ಮೋಸ ಆಗುವುದು ಅಲ್ಲೇ. 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗದಲ್ಲಿ 800 ಮೀಟರ್ ಮಾತ್ರ ಕಾಣುತ್ತಿದ್ದರೆ ನಿನ್ನ ಕೈಲಿರುವುದು 16 ಸೆಕೆಂಡು. ಆಗ ವೇಗ ಸ್ವಲ್ಪ ಇಳಿಸುತ್ತಾರೆ, ಇನ್ನಷ್ಟು ತಗ್ಗುತ್ತಾರೆ, ಪ್ರತಿ ಸಲವೂ ಸರಿಯೆಂದೇ ಅನಿಸುತ್ತದೆ. ಅದಕ್ಕೇ ಗಡಿಯನ್ನು ನೆಲದ ಮೇಲಿದ್ದಾಗಲೇ ಬರೆದಿಟ್ಟುಕೊ: ಮಾಮೂಲು ವೇಗಕ್ಕಿಂತ 30 ನಾಟ್ ಇಳಿಸಬೇಕಾಗಿ ಬಂತೋ, ಕೆಳಗಿನ ನೆಲದಿಂದ ಹಗಲು 300 ಅಡಿಗೆ, ರಾತ್ರಿ 500 ಅಡಿಗೆ ತಗ್ಗಬೇಕಾಯಿತೋ, ಹಿಂದಕ್ಕೆ ತಿರುಗು, ಇಲ್ಲವೇ ನೆಲಕ್ಕಿಳಿ. ಕಾಯುವವರು ಕಾಯಲಿ.

ದಿಗಂತ ಮರೆಯಾದರೆ ಕಿವಿಯೊಳಗಿನ ದ್ರವ ಸುಳ್ಳು ಹೇಳುತ್ತದೆ. ಮೆಲ್ಲಗೆ ಶುರುವಾದ ತಿರುವು ಅದಕ್ಕೆ ತಿಳಿಯುವುದೇ ಇಲ್ಲ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದಲ್ಲಿ ಮೋಡ ಹೊಕ್ಕ ಸಿಕೋರ್‌ಸ್ಕಿ ಎಸ್-76 ಹೆಲಿಕಾಪ್ಟರಿನ ಪೈಲಟ್, 4,000 ಅಡಿಗೆ ಏರುತ್ತಿದ್ದೇನೆ ಅಂತ ನೆಲದ ಮೇಲಿನ ವಾಯು ಸಂಚಾರ ಕಂಟ್ರೋಲಿಗೆ ಹೇಳುವಾಗ ಹೆಲಿಕಾಪ್ಟರು ಎಡಕ್ಕೆ ತಿರುಗುತ್ತ ಕೆಳಗಿಳಿಯುತ್ತಿತ್ತು. 9 ಜನ ಹೋದರು. ಆತ ಉಪಕರಣ ನೋಡಿ ಹಾರುವ ಅರ್ಹತೆ ಪಡೆದವನೇ. 2021ರ ಡಿಸೆಂಬರ್ 8ರ ಕೂನೂರಿನ ಹೆಲಿಕಾಪ್ಟರ್ ದುರಂತಕ್ಕೂ ಕಣಿವೆಯಲ್ಲಿ ಮೋಡ ಹೊಕ್ಕು ಪೈಲಟ್‌ಗೆ ದಿಕ್ಕು ತಪ್ಪಿದ್ದೇ ಕಾರಣ ಅಂತ ತನಿಖೆ ಹೇಳಿತು.

ಅಕಸ್ಮಾತ್ ಮೋಡದೊಳಗೆ ಹೊಕ್ಕೆ ಅನ್ನು, ಮೊದಲು ರೇಡಿಯೊ ಹಿಡಿಯಬೇಡ. ಕಣ್ಣು ದಿಗಂತ ತೋರಿಸುವ ಉಪಕರಣದ ಮೇಲಿರಲಿ. ವಾಲಿದ್ದನ್ನು ಸಮ ಮಾಡು, ದಿಕ್ಕು ಹಿಡಿ, ಏರುವಷ್ಟು ಪವರ್ ಕೊಡು, ವೇಗ ಕೈಪಿಡಿ ಹೇಳಿದ ಕನಿಷ್ಠಕ್ಕಿಂತ ಕೆಳಗೆ ಬೀಳದಿರಲಿ. ಸುರಕ್ಷಿತ ಎತ್ತರದ ಕಡೆ ಏರುತ್ತಿರುವುದು ಖಾತ್ರಿಯಾದ ಮೇಲೆ ಮಾತು.

ಇಳಿಯುವ ಮಾತು ಬಂದರೆ, ಬೈಲಹೊಂಗಲ, ಸವದತ್ತಿ ಕಡೆ ಹಿಂಗಾರಿಗೆ ಬಿಟ್ಟ ಎರೆ ಹೊಲ ಬಯಲಾಗಿ ಕಂಡು ಆಸೆ ಹುಟ್ಟಿಸುತ್ತದೆ. ನೆನೆದ ಎರೆಯಲ್ಲಿ ಸ್ಕಿಡ್ (ಹೆಲಿಕಾಪ್ಟರು ಊರಿ ನಿಲ್ಲುವ ಕೆಳಗಿನ ಕೊಳವೆ) ಹೂತರೆ, ಮತ್ತೆ ಏಳುವಾಗ ಒಂದು ಸ್ಕಿಡ್ ಸಿಕ್ಕಿಕೊಂಡು ಹೆಲಿಕಾಪ್ಟರು ಮಗ್ಗುಲಾಗಿ ಉರುಳುತ್ತದೆ. ಶಾಲೆಯ ಮೈದಾನ ಸಿಕ್ಕರೆ ಅದನ್ನೇ ಹಿಡಿ. ಪಂಪ್‌ಸೆಟ್ ತಂತಿ ಮಳೆಯಲ್ಲಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಸಾಲು ದಾಟಲೇಬೇಕಾದರೆ ಕಂಬದ ತಲೆಯ ಮೇಲಿಂದಲೇ ದಾಟು.

ನಿನ್ನ ಅವ್ವ