ಸಹಿ ಹಾಕುವ ಮೊದಲು ಈ ಹಾಡು ಕೇಳು

ನಾಕ್ಸ್‌ವಿಲ್, ಟೆನೆಸ್ಸೀ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಏಳು ನಿಮಿಷದಲ್ಲಿ ಐದು ನಿಮಿಷ ಬರೀ ಅಳು. ಉಳಿದ ಎರಡರಲ್ಲಿ ನನಗೆ ತಿಳಿದಿದ್ದು ಇಷ್ಟು: ಬ್ಯಾಂಡ್ ಬಿಟ್ಟು ಸ್ವಂತವಾಗಿ ಹಾಡಬೇಕು ಅಂತ ನಿನಗೆ ಆಸೆ. ಆರು ವರ್ಷ ಕೈಗೆ ಮೈಕ್ ಕೊಟ್ಟ ನಿಮ್ಮ ಬ್ಯಾಂಡಿನ ಸರ್‌ಗೆ ಅದನ್ನು ಹೇಗೆ ಹೇಳೋದು ಅಂತ ಸಂಕಟ. ಅವರೋ, "ಹೋಗೋದಾದರೆ ಹೋಗು, ನೀನು ಬರೆದ ಹಾಡುಗಳಲ್ಲಿ ಅರ್ಧ ಹಕ್ಕು ನನ್ನ ಹೆಸರಿಗೆ ಮಾಡಿಕೊಡು" ಅಂತ ಕಾಗದ ಮುಂದಿಟ್ಟಿದ್ದಾರೆ. ಇಷ್ಟೇ ಅಲ್ವಾ?

ಯುಗಾದಿಗೆ ಫೋನ್ ಮಾಡಿದಾಗ ನೀನು ಇನ್ನೊಂದು ಪ್ರಶ್ನೆ ಕೇಳಿದ್ದೆ. "ದೊಡ್ಡಮ್ಮ, ಡಾಲಿ ಪಾರ್ಟನ್ ಹಾಡುಗಳಲ್ಲಿ ನಿಮಗೆ ಯಾವುದು ಇಷ್ಟ?" ಆಗ ಒಲೆ ಮೇಲೆ ಒಬ್ಬಟ್ಟು ಇತ್ತು, ಉತ್ತರ ಕೊಡಲಿಲ್ಲ. ಈಗ ಎರಡಕ್ಕೂ ಸೇರಿಸಿ ಬರೆಯುತ್ತೇನೆ.

ನಾನು ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದ ಹೊಸದರಲ್ಲಿ, ಇಲ್ಲಿನ ಹಳ್ಳಿಗಾಡಿನ 'ಕಂಟ್ರಿ' ಸಂಗೀತ ಹಾಡುವ ಡಾಲಿಯನ್ನು ಟಿವಿಯಲ್ಲಿ ನೋಡಿ ನಕ್ಕುಬಿಟ್ಟಿದ್ದೆ. ಅಷ್ಟೆತ್ತರದ ವಿಗ್, ಮಿಣಮಿಣ ಬಟ್ಟೆ, ಇಷ್ಟುದ್ದ ಉಗುರು. ಯಕ್ಷಗಾನದವರೇ ವಾಸಿ ಅನ್ನಿಸಿತ್ತು. ಒಂದು ದಿನ ನಿಮ್ಮ ದೊಡ್ಡಪ್ಪ ಕಾರಿನಲ್ಲಿ ಕ್ಯಾಸೆಟ್ ಹಾಕಿದರು. 'ಕೋಟ್ ಆಫ್ ಮೆನಿ ಕಲರ್ಸ್'. ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೇ. ಆದರೂ ಅರ್ಥ ಆಯಿತು. ಯಾರೋ ಕೊಟ್ಟ ಚಿಂದಿ ಬಟ್ಟೆಗಳನ್ನು ಜೋಡಿಸಿ ಅಮ್ಮ ಮಗಳಿಗೊಂದು ಕೋಟು ಹೊಲಿಯುತ್ತಾಳೆ. ಹೊಲಿಯುತ್ತಾ ಬೈಬಲ್ಲಿನ ಜೋಸೆಫನ ಬಣ್ಣದ ಅಂಗಿಯ ಕಥೆ ಹೇಳುತ್ತಾಳೆ. ಮಗಳು ಅದನ್ನು ಹಾಕಿಕೊಂಡು ಜಂಬದಿಂದ ಸ್ಕೂಲಿಗೆ ಹೋದರೆ ಮಕ್ಕಳೆಲ್ಲ ಗೊಳ್ಳೆಂದು ನಗುತ್ತಾರೆ. ಕಾರಿನಲ್ಲಿ ಕೂತು ನನಗೆ ನೆನಪಾಗಿದ್ದು ನಿನ್ನ ಅಜ್ಜಿ ಹೊಲಿದ ಕೌದಿ. ಹಳೇ ಇಳಕಲ್ ಸೀರೆ, ಅಜ್ಜನ ಧೋತರ, ನಿಮ್ಮಮ್ಮನ ಲಂಗದ ಅಂಚು, ಎಲ್ಲ ಅದರಲ್ಲಿ ಇತ್ತು. ಅದನ್ನು ಹಾಸ್ಟೆಲಿಗೆ ಒಯ್ಯಲು ನಾಚಿಕೆಯಾಗಿ ಅಂಗಡಿ ಹೊದಿಕೆ ಕೊಡಿಸಿಕೊಂಡವಳು ನಾನು. ಆ ಹಾಡು ಕೇಳಿದ ಮೇಲೆ ಊರಿಗೆ ಹೋದಾಗ ಕೌದಿಯನ್ನು ಸೂಟ್‌ಕೇಸಿಗೆ ತುರುಕಿ ತಂದೆ. ಈಗಲೂ ಸೋಫಾ ಮೇಲೆ ಇದೆ.

ಆ ಹಾಡು ಡಾಲಿಯದೇ ಕಥೆ. 1946ರಲ್ಲಿ ಇಲ್ಲಿಗೆ ಹತ್ತಿರದ ಸೆವಿಯರ್ ಕೌಂಟಿಯ ಬೆಟ್ಟದ ಮಡಿಲಲ್ಲಿ ಹುಟ್ಟಿದವಳು. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವಳು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಅವಳ ಅಪ್ಪ ಒಂದು ಚೀಲ ಜೋಳದ ಹಿಟ್ಟು ಕೊಟ್ಟು ಋಣ ತೀರಿಸಿದ್ದನಂತೆ. ಆ ಹಾಡನ್ನು 1969ರಲ್ಲಿ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಾ ಬರೆದಳು. ಕೈಗೆ ಹಾಳೆ ಸಿಗದೆ ಡ್ರೈಕ್ಲೀನಿಂಗ್ ಚೀಟಿಯ ಮೇಲೆ! ನೀನು ಹೊಸ ಡೈರಿ ಬೇಕು, ಶಾಂತವಾದ ರೂಮು ಬೇಕು ಅಂತ ಕೂತಿರುತ್ತೀಯಲ್ಲ, ಅದಕ್ಕೇ ಹೇಳಿದೆ.

'ಜೋಲೀನ್' ನಿನಗೆ ಗೊತ್ತೇ ಇರುತ್ತದೆ, ರೀಲ್ಸ್‌ನಲ್ಲಿ ಬರುತ್ತದೆ. ಬ್ಯಾಂಕಿನಲ್ಲಿ ಕೆಂಪು ಕೂದಲಿನ ಹುಡುಗಿಯೊಬ್ಬಳು ಡಾಲಿಯ ಗಂಡನ ಜೊತೆ ಸ್ವಲ್ಪ ಜಾಸ್ತಿಯೇ ನಗುತ್ತಿದ್ದಳಂತೆ. ಅಷ್ಟೇ ವಿಷಯ. ಹೆಸರು ಮಾತ್ರ ಆಟೋಗ್ರಾಫ್ ಕೇಳಲು ಬಂದ ಒಂದು ಪುಟ್ಟ ಹುಡುಗಿಯದು. '9 ಟು 5' ಕೇಳುವಾಗ ಶುರುವಿನ ತಾಳಕ್ಕೆ ಕಿವಿಗೊಡು. ಅದೇ ಹೆಸರಿನ ಸಿನಿಮಾದ ಶೂಟಿಂಗ್ ಸೆಟ್ಟಿನಲ್ಲಿ ಉದ್ದದ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರೆ ಟೈಪ್‌ರೈಟರ್ ಸದ್ದು ಬರುತ್ತದೆ ಅಂತ ಗೊತ್ತಾಗಿ, ಆ ತಾಳದ ಮೇಲೇ ಹಾಡು ಕಟ್ಟಿದಳು. ನಾನು ನಕ್ಕಿದ್ದು ಅದೇ ಉಗುರುಗಳನ್ನು ನೋಡಿ. ಕೆನ್ನಿ ರಾಜರ್ಸ್ ಜೊತೆ ಹಾಡಿದ 'ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್' ನಿಮ್ಮ ದೊಡ್ಡಪ್ಪನಿಗೆ ಇಷ್ಟ. ನನಗೆ ಅಷ್ಟೇನಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ.

'ಐ ವಿಲ್ ಆಲ್ವೇಸ್ ಲವ್ ಯು'. ನಿನಗೆ ಗೊತ್ತಿರುವುದು ವಿಟ್ನಿ ಹ್ಯೂಸ್ಟನ್ ಹಾಡಿದ್ದು. ಎಲ್ಲರೂ ಪ್ರೇಮಗೀತೆ ಅಂದುಕೊಂಡಿದ್ದಾರೆ. ಅದನ್ನು ಡಾಲಿ ಬರೆದಿದ್ದು ಪ್ರೇಮಿಗಲ್ಲ ಪುಟ್ಟಿ, ಕೆಲಸ ಕೊಟ್ಟ ಯಜಮಾನನಿಗೆ. ಪೋರ್ಟರ್ ವ್ಯಾಗನರ್ ಅಂತ ದೊಡ್ಡ ಹೆಸರಿನ ಗಾಯಕ. 1967ರಲ್ಲಿ ತನ್ನ ಟಿವಿ ಶೋಗೆ ಅವಳನ್ನು ಸೇರಿಸಿಕೊಂಡು ಊರೂರಿಗೆ ಪರಿಚಯ ಮಾಡಿಸಿದವನು. ಏಳು ವರ್ಷ ಆದಮೇಲೆ ಅವಳಿಗೆ ಸ್ವಂತ ದಾರಿ ಹಿಡಿಯಬೇಕು ಅನ್ನಿಸಿತು. ಹೇಳಿದರೆ ಅವನು ಕೇಳಲೊಲ್ಲ. ಬರೀ ಜಗಳ. ಕೊನೆಗೆ ಒಂದು ರಾತ್ರಿ ಮನೆಗೆ ಹೋಗಿ ಈ ಹಾಡು ಬರೆದಳು. ಮಾರನೇ ದಿನ ಅವನ ಆಫೀಸಿನಲ್ಲಿ ಗಿಟಾರ್ ಹಿಡಿದು ಹಾಡಿದಳು. ಅವನು ಅತ್ತುಬಿಟ್ಟನಂತೆ. ಹೋಗು, ಆದರೆ ಈ ಹಾಡನ್ನು ನಾನೇ ಪ್ರೊಡ್ಯೂಸ್ ಮಾಡುತ್ತೇನೆ ಅಂದನಂತೆ.

ಅಲ್ಲಿಗೇ ಎಲ್ಲ ಸುಖಾಂತ್ಯ ಅಂದುಕೊಳ್ಳಬೇಡ. 1979ರಲ್ಲಿ ಅದೇ ಮನುಷ್ಯ ಅವಳ ಮೇಲೆ 30 ಲಕ್ಷ ಡಾಲರಿಗೆ ಕೇಸು ಹಾಕಿದ. ರಾಜಿಯಾಯಿತು. ಮುಂದೆ ಮತ್ತೆ ಮಾತೂ ಆಯಿತು. 2007ರಲ್ಲಿ ಅವನು ಸಾಯುವ ಹೊತ್ತಿನಲ್ಲಿ ಅವಳು ಹೋಗಿ ಹಾಸಿಗೆ ಪಕ್ಕ ಕೂತಿದ್ದಳು. ನಿಮ್ಮ ಸರ್ ಕೂಡ ಮುನಿಸಿಕೊಳ್ಳಬಹುದು, ವರ್ಷಗಟ್ಟಲೆ ಮಾತು ಬಿಡಬಹುದು. ಅದಕ್ಕೆ ಸಿದ್ಧವಾಗಿರು. ಆದರೆ ಹೊರಡುವಾಗ ಕೆಟ್ಟ ಮಾತು ಆಡಬೇಡ. ವಾಟ್ಸಾಪ್‌ನಲ್ಲಿ ಹೇಳಬೇಡ. ಮನೆಗೆ ಹೋಗು, ಎದುರು ಕೂತು ಹೇಳು. ಹೋಗುವಾಗ ಹಣ್ಣು ಹೂವು ತೆಗೆದುಕೊಂಡು ಹೋಗು, ಕಾಲಿಗೆ ನಮಸ್ಕಾರ ಮಾಡು. ಆರು ವರ್ಷದ ಋಣ ಸಣ್ಣದಲ್ಲ.

ಹಾಡು ಮಾತ್ರ ಬೇರೆ ಲೆಕ್ಕ.

1974ರಲ್ಲಿ ಆ ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ರಾಕ್ ಸಂಗೀತದ ದೊಡ್ಡ ತಾರೆ ಎಲ್ವಿಸ್ ಪ್ರೆಸ್ಲಿಗೆ ತಾನೂ ಹಾಡಬೇಕು ಅನ್ನಿಸಿತು. ಎಲ್ವಿಸ್! ಅವಳು ಊರಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಅವನ ಮ್ಯಾನೇಜರ್ ಕರ್ನಲ್ ಪಾರ್ಕರ್ ಫೋನ್ ಮಾಡಿ, ಹಾಡಿನ ಪಬ್ಲಿಷಿಂಗ್ ಹಕ್ಕಿನಲ್ಲಿ, ಅಂದರೆ ಹಾಡು ಬಳಸಿದಾಗ ಬರೆದವರ ಕಡೆಗೆ ಬರುವ ಹಣದ ಹಕ್ಕಿನಲ್ಲಿ, ಅರ್ಧ ಕೊಡಬೇಕು, ಇಲ್ಲದಿದ್ದರೆ ಹಾಡಿಸುವುದಿಲ್ಲ ಅಂದ. ಅವಳು ಕೊಡಲಿಲ್ಲ. ರಾತ್ರಿಯಿಡೀ ಅತ್ತಳಂತೆ, ಆದರೂ ಕೊಡಲಿಲ್ಲ. ಹದಿನೆಂಟು ವರ್ಷ ಕಳೆದು 1992ರಲ್ಲಿ ವಿಟ್ನಿ ಹಾಡಿದಾಗ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ತುದಿಯಲ್ಲಿತ್ತು. ಅಷ್ಟೂ ಹಕ್ಕು ಡಾಲಿಯ ಕೈಯಲ್ಲೇ ಇತ್ತು.

ನನಗೆ ಆ ಬುದ್ಧಿ ಇರಲಿಲ್ಲ. ಇಲ್ಲಿ ಒಂದು ಕಿರಾಣಿ ಅಂಗಡಿಗೆ ನಾನು ಶೇಂಗಾ ಚಟ್ನಿಪುಡಿ ಮಾಡಿ ಕೊಡುತ್ತಿದ್ದೆ, ನಿಮ್ಮಮ್ಮನಿಗೆ ಗೊತ್ತು. ಅಂಗಡಿಯವರು ನಮ್ಮವರೇ, ಅಕ್ಕಾ ಅಂತ ಕರೆಯುವವರು. ಒಂದು ಹಾಳೆ ಕೊಟ್ಟರು, ಓದದೆ ಸಹಿ ಹಾಕಿದೆ. ವರ್ಷ ಕಳೆಯುವಷ್ಟರಲ್ಲಿ ಡಬ್ಬಿ ಮೇಲೆ ಅವರ ಹೆಸರು ಬಂತು. ನನ್ನದೇ ಪುಡಿಯನ್ನು ನಾನು ದೇವಸ್ಥಾನದ ಮೇಳದಲ್ಲಿ ಮಾರುವ ಹಾಗಿರಲಿಲ್ಲ. "ನಮ್ಮವರಲ್ವಾ, ಓದಿದರೆ ಏನಂದುಕೊಳ್ಳುತ್ತಾರೋ" ಅಂತ ಸಂಕೋಚಪಟ್ಟಿದ್ದೆ. ಆ ಸಂಕೋಚ ನಿನಗೂ ಇದೆ. ನಮ್ಮ ಮನೆ ಹೆಣ್ಣುಮಕ್ಕಳಿಗೆಲ್ಲ ಇದೆ.

ಇಂಡಿಯಾದಲ್ಲಿ ಕಾಪಿರೈಟ್ ಕಾನೂನಿಗೆ 2012ರಲ್ಲಿ ತಿದ್ದುಪಡಿಯಾಗಿದೆ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯಲ್ಲಿ ಪಾಲು ಉಳಿಯಲಿ ಅಂತಲೇ ಮಾಡಿದ್ದು. ಹಾಡಿನ ರಾಯಲ್ಟಿ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಅಂತ ಸೊಸೈಟಿ ಇದೆ, ಬರೆಯುವವರು ಅದರಲ್ಲಿ ಸದಸ್ಯರಾಗಬಹುದು. ನೀನು ಆಗಿದ್ದೀಯಾ? ಕಾಗದವನ್ನು ಈ ವಿಷಯ ಗೊತ್ತಿರುವ ವಕೀಲರಿಗೆ ತೋರಿಸು. ಫೀಸು ನಾನು ಕಳಿಸುತ್ತೇನೆ, ಅಮ್ಮನಿಗೆ ಹೇಳುವುದು ಬೇಡ.

ಇನ್ನೊಂದು ಮಾತು. ಇಲ್ಲಿ ಸೆವಿಯರ್‌ವಿಲ್ ಕೋರ್ಟಿನ ಮುಂದೆ ಡಾಲಿಯ ಕಂಚಿನ ಪ್ರತಿಮೆ ಇದೆ. ಬರಿಗಾಲು, ಕೈಯಲ್ಲಿ ಗಿಟಾರ್. ಅವಳ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಅವನು ರಾತ್ರಿ ಹೊತ್ತು ಟ್ರಕ್ಕಿನಲ್ಲಿ ಬಕೆಟ್ ಸೋಪುನೀರು ತಂದು, ಮಗಳ ಪ್ರತಿಮೆ ಮೇಲಿನ ಪಾರಿವಾಳದ ಹಿಕ್ಕೆ ತೊಳೆದು ಹೋಗುತ್ತಿದ್ದನಂತೆ. ಅವನಿಗಾಗಿಯೇ ಅವಳು 1995ರಲ್ಲಿ ಮಕ್ಕಳಿಗೆ ಪುಸ್ತಕ ಹಂಚುವ ಕೆಲಸ ಶುರುಮಾಡಿದ್ದು. ನನ್ನ ಮೊಮ್ಮಗಳಿಗೂ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಬರುತ್ತದೆ, ಪೈಸೆ ಖರ್ಚಿಲ್ಲದೆ. ನಿನ್ನೆಯದರಲ್ಲಿ ಕರಡಿ ಚಿತ್ರ ಇತ್ತು. ಅವಳು ಅದನ್ನು ಅಜ್ಜಿಯ ಕೌದಿ ಮೇಲೆ ಹರಡಿಕೊಂಡು, ಬಾರದ ಅಕ್ಷರವನ್ನೂ ಓದಿದ ಹಾಗೆ ನಟಿಸುತ್ತಿದ್ದಳು.

ಕಾಗದದ ಫೋಟೋ ಇವತ್ತೇ ಕಳಿಸು. ಎರಡೂ ಬದಿಯದು.

ನಿನ್ನ,
ದೊಡ್ಡಮ್ಮ